‘ಲೆರ್ಕೆ’ ದೋಣಿಯ ನಾಲ್ಕು ಹಗ್ಗಗಳ ಬಗ್ಗೆ

ಹೆಸರು: ವೀಬೆಕೆ ಡಾಲ್ಗೋರ್. ವಯಸ್ಸು: 52 ವರ್ಷ. ವೃತ್ತಿ: ಪುರಸಭೆಯ ನರ್ಸ್, ಮನೆಮನೆಗೆ ಹೋಗಿ ವೃದ್ಧರ ಆರೈಕೆ ಮಾಡುವ ಕೆಲಸ. ವಾಸ: ಬಂದರು ರಸ್ತೆ, ಮನೆ ನಂ. 6, ಬೇಕರಿಯ ಮೇಲಿನ ಕೋಣೆ, ಸ್ಕೋವ್‌ವಿಗ್ ಊರು, ದಕ್ಷಿಣ ಫ್ಯೂನ್, ಡೆನ್ಮಾರ್ಕ್.

ಪೊಲೀಸ್ ಅಧಿಕಾರಿಗಳು ಕೇಳಿದ್ದಕ್ಕೆ, ಯಾರೂ ಹೇಳಿಕೊಡದೆ, ನಾನು ನನ್ನ ಬಾಯಿಂದಲೇ ಹೇಳಿ ಬರೆಸುತ್ತಿರುವುದೇನೆಂದರೆ:

ದಿನಾಂಕ 03-06-2016ರ ಶುಕ್ರವಾರ ಬೆಳಿಗ್ಗೆ 10.00 ಗಂಟೆಗೆ ನಾನು ಸ್ಕೋವ್‌ವಿಗ್ ಬಂದರಿನಲ್ಲಿ ‘ಲೆರ್ಕೆ’ ಎಂಬ ಹೆಸರಿನ ಹಾಯಿದೋಣಿಯನ್ನು ಅದರ ಹಿಂದಿನ ಮಾಲೀಕರಾದ ಐನಾರ್ ಬ್ರೋಕ್, 81 ವರ್ಷ, ನಿವೃತ್ತ ಬಡಗಿ, ಇವರಿಂದ ಕ್ರಯಕ್ಕೆ ಪಡೆದಿರುತ್ತೇನೆ. ದೋಣಿ ಮರದ್ದು. ಉದ್ದ 10 ಮೀಟರ್ 40 ಸೆಂಟಿಮೀಟರ್. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕದು. ಐನಾರ್ ಮತ್ತು ಅವರ ಹೆಂಡತಿ ಇಂಗೆಲಿಸೆ ಇದೇ ದೋಣಿಯಲ್ಲಿ ಒಂಬತ್ತು ವರ್ಷ ಲೋಕ ಸುತ್ತಿ ಬಂದವರು. ಮಂಡಿ ನೋವಿನಿಂದ ಐನಾರ್‌ಗೆ ಹಾಯಿ ಏರಿಸಲು ಆಗುತ್ತಿರಲಿಲ್ಲ. ಮಾರಲೇಬೇಕೆಂದು ಹಟ ಹಿಡಿದವರು ಇಂಗೆಲಿಸೆ. ಇಲ್ಲದಿದ್ದರೆ ಒಂದು ದಿನ ಗಂಡನನ್ನು ಆ ದೋಣಿಯಿಂದ ಸ್ಟ್ರೆಚರ್ ಮೇಲೆ ಇಳಿಸಬೇಕಾಗುತ್ತಿತ್ತು ಎಂದು ಅವರು ಆ ದಿನವೇ ನನಗೆ ಹೇಳಿದ್ದರು.

ನಾನು ಈ ದೋಣಿ ಏಕೆ ಕೊಂಡೆ ಎಂದು ಅಧಿಕಾರಿಗಳು ಕೇಳಿದರು. ಹೇಳುತ್ತೇನೆ. ನಾನು ದಿನಕ್ಕೆ ಎಂಟು ಮನೆಗೆ ಹೋಗುತ್ತೇನೆ. ಎಂಟು ಜನರ ಹುಣ್ಣು ತೊಳೆದು, ಮಾತ್ರೆ ಕೊಟ್ಟು, ಕಾಲುಚೀಲ ಹಾಕಿ, ಎಂಟು ಜನರ ದೂರು ಕೇಳಿ ಬರುತ್ತೇನೆ. ಸಂಜೆಯಾದ ಮೇಲೆ ಯಾರೂ ನನ್ನ ಹೆಸರು ಕರೆಯದ ಒಂದು ಜಾಗ ಬೇಕಾಗಿತ್ತು. ಅಷ್ಟೇ.

ದೋಣಿಯನ್ನು ನನಗೆ ಒಪ್ಪಿಸುವುದಕ್ಕೆ ಐನಾರ್ ಎರಡು ದಿನ ತೆಗೆದುಕೊಂಡರು. ಮೊದಲ ದಿನ ಬೆಳಿಗ್ಗೆ 10.15ರಿಂದ ಸಂಜೆ 6.00, ಎರಡನೆಯ ದಿನ ಬೆಳಿಗ್ಗೆ 8.00ರಿಂದ ಮಧ್ಯಾಹ್ನ 3.30. ನಮ್ಮ ಕಡೆ ಪದ್ಧತಿ ಇರುವಂತೆ ಕಾಗದಕ್ಕೆ ಸಹಿಯಾದ ಮೇಲೆ ಒಂದೊಂದು ಗುಟುಕು ಕಹಿಮದ್ಯ ಕುಡಿದೆವು, ಒಂದು ಗುಟುಕನ್ನು ದೋಣಿಯ ಮೂತಿಗೆ ಸುರಿದೆವು. ಅವರು ತಮ್ಮ ಬಾವುಟ ಇಳಿಸಿ ಮಡಚಿ ಕಂಕುಳಲ್ಲಿಟ್ಟುಕೊಂಡರು. ಆಮೇಲೆ ಮರದ ಮೇಲಿನ ಒಂದೊಂದು ಗೀರನ್ನೂ ತೋರಿಸಿದರು. ಇದು ಅಜೋರ್ಸ್‌ನದು, ಇದು ಪನಾಮಾದ್ದು, ಇದು ಇಂಗೆಲಿಸೆ ಸಿಟ್ಟು ಬಂದು ಬಾಣಲೆ ಎಸೆದಿದ್ದು. ಎಂಜಿನ್ ಶುರುವಾಗಬೇಕಾದರೆ ಕೀಲಿ ತಿರುಗಿಸಿ ಹದಿನೇಳು ಎಣಿಸಬೇಕು, ಹದಿನಾರಕ್ಕೆ ಬಿಟ್ಟರೆ ಮುನಿಸಿಕೊಳ್ಳುತ್ತದೆ ಎಂದರು. ನಾನು ನಕ್ಕೆ. ಅವರು ನಗಲಿಲ್ಲ. ಕೊನೆಗೆ ಒಂದು ವಿಷಯ ಮಾತ್ರ ಮೂರು ಸಲ ಹೇಳಿದರು. ‘ನೋಡಮ್ಮ, ಏನು ಬೇಕಾದ್ರೂ ಬದಲಾಯಿಸು. ಕಟ್ಟೋ ಹಗ್ಗಕ್ಕೆ ಮಾತ್ರ ಬಾಲ ಬಿಟ್ಟಿರು. ಬಾಲ ಇಲ್ದಿರೋ ಹಗ್ಗ ಬೇಕಾದಾಗ ಸಡಿಲ ಆಗಲ್ಲ’ ಎಂದರು. ಬಾಲ ಎಂದರೆ ಕಟ್ಟಿದ ಮೇಲೆ ಗಂಟಿನಾಚೆ ಉಳಿಯುವ ಹೆಚ್ಚಿನ ಉದ್ದ.

ಅಲ್ಲಿಗೆ ಮುಗಿಯಿತು ಎಂದು ನಾನು ತಿಳಿದಿದ್ದೆ.

ದಿನಾಂಕ 06-06-2016ರ ಸೋಮವಾರ ಬೆಳಿಗ್ಗೆ 7.10ಕ್ಕೆ, ದೋಣಿಯ ಒಳಗೆ ಮಲಗಿದ್ದಾಗ, ತಲೆಯ ಮೇಲೆ ಹೆಜ್ಜೆ ಸದ್ದು ಕೇಳಿ ನಾನು ಮಲಗುವ ಅಂಗಿಯಲ್ಲೇ ಎದ್ದು ಮೇಲೆ ಬಂದೆ. ಐನಾರ್ ಚುಕ್ಕಾಣಿಯ ಪಕ್ಕ ಕೂತು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದರು. ‘ಹಿಂದಿನ ಹಗ್ಗ ಬಿಗಿಯಾಗಿತ್ತು, ಸರಿ ಮಾಡ್ದೆ. ನೀನು ಮಲ್ಕೋ ಹೋಗು’ ಎಂದರು. ಬೇಸಿಗೆಯಿಂದ, ಚಳಿಗಾಲಕ್ಕೆ ದೋಣಿಯನ್ನು ನೀರಿನಿಂದ ಮೇಲೆತ್ತುವ ದಿನದವರೆಗೆ ನಾನು ದೋಣಿಯಲ್ಲೇ ಮಲಗುವುದು. ಅಂದಿನಿಂದ ಪ್ರತಿದಿನ ಬೆಳಿಗ್ಗೆ 7.10ಕ್ಕೆ, ಪ್ರತಿದಿನ ಸಂಜೆ 5.30ಕ್ಕೆ ಅವರು ಹಾಜರು. ಭಾನುವಾರವೂ ಬಿಡುವಿಲ್ಲ. ನನ್ನ ಬಟ್ಟಲುಗಳನ್ನು ತಮ್ಮ ಹಳೆಯ ಮೊಳೆಗಳಿಗೆ ತೂಗುಹಾಕುತ್ತಿದ್ದರು. ನಾನು ಹೊಲಿದ ಪರದೆಯನ್ನು, ಗಾಳಿ ಕಟ್ಟುತ್ತದೆ ಎಂದು ತೆಗೆದು ನೀಟಾಗಿ ಮಡಚಿ ನನ್ನ ದಿಂಬಿನ ಮೇಲೆ ಇಟ್ಟಿದ್ದರು. ಆಗಸ್ಟ್‌ನಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಬಂದಾಗ ನನ್ನ ಹಾಸಿಗೆಯಲ್ಲಿ ಬೂಟು ಬಿಚ್ಚಿ ಗೊರಕೆ ಹೊಡೆಯುತ್ತಿದ್ದರು. ಎಂಟು ಮುದುಕರನ್ನು ನೋಡಿ ಬಂದರೆ ಒಂಬತ್ತನೆಯವರು ದೋಣಿಯಲ್ಲಿ ಕಾಯುತ್ತಿರುತ್ತಿದ್ದರು. ನನಗೆ ತಲೆ ಚಿಟ್ಟು ಹಿಡಿದಿತ್ತು.

ಇದೆಲ್ಲ ಪ್ರಕರಣಕ್ಕೆ ಅಗತ್ಯವೇ ಎಂದು ಅಧಿಕಾರಿಗಳು ಕೇಳಿದರು. ಅಗತ್ಯ ಎಂದೆ. ಬರೆದುಕೊಳ್ಳಿ ಎಂದೆ.

ಅವರು ಬಂದಾಗಲೆಲ್ಲ ಮಾಡುತ್ತಿದ್ದ ಮುಖ್ಯ ಕೆಲಸ ಹಗ್ಗಗಳದು. ದೋಣಿಯ ಮೂತಿಯಿಂದ ದೋಣಿ ಕಟ್ಟುವ ಹಲಗೆಯ ಜೆಟ್ಟಿಗೆ ಎರಡು, ಹಿಂಭಾಗದಿಂದ ನೀರಿನಲ್ಲಿ ನೆಟ್ಟ ಎರಡು ಗೂಟಗಳಿಗೆ ಎರಡು, ಒಟ್ಟು ನಾಲ್ಕು. ನಮ್ಮ ಕಡೆ ಸಮುದ್ರದಲ್ಲಿ ಏರಿಳಿತ ಹೆಚ್ಚಿಲ್ಲ, ದಿನಕ್ಕೆ ಗೇಣುದ್ದವೂ ಇಲ್ಲ. ಆದರೂ ಅವರು ಬೆಳಿಗ್ಗೆ ಸಡಿಲಿಸಿ ಸಂಜೆ ಬಿಗಿಯುತ್ತಿದ್ದರು. ಇವರಿಗೆ ಮುಟ್ಟಲು ಏನೂ ಇಲ್ಲದಂತೆ ಮಾಡಿದರೆ ಬರುವುದು ತಾನಾಗಿ ನಿಲ್ಲುತ್ತದೆ ಎಂದು ನನಗೆ ಹೊಳೆಯಿತು. ಅಕ್ಕಪಕ್ಕದ ದೋಣಿಗಳಲ್ಲಿ ಅನೇಕರು ಸರಿಯಾದ ಅಳತೆಗೆ ಹಗ್ಗ ಕತ್ತರಿಸಿ, ಎರಡೂ ತುದಿಗೆ ಕುಣಿಕೆ ಹೆಣೆಸಿಕೊಂಡಿದ್ದಾರೆ. ಬಂದರೆ ಸಿಕ್ಕಿಸುವುದು, ಹೋದರೆ ತೆಗೆಯುವುದು. ನೋಡಲು ಚೊಕ್ಕ. ದಿನಾಂಕ 08-10-2016ರಂದು ನಾನೂ ಹಾಯಿ ಹೊಲಿಯುವವರಲ್ಲಿಗೆ ಹೋಗಿ ಅಂಥವೇ ನಾಲ್ಕು ಹಗ್ಗ ಮಾಡಿಸಿ ಹಾಕಿದೆ. ಬಾಲ ಇರಲಿಲ್ಲ. ಒಂದು ಸೆಂಟಿಮೀಟರ್ ಕೂಡ ಇರಲಿಲ್ಲ.

ಮರುದಿನ ಬೆಳಿಗ್ಗೆ 7.10ಕ್ಕೆ ಐನಾರ್ ಬಂದು ಹಗ್ಗ ನೋಡಿದರು. ಬಹಳ ಹೊತ್ತು ನೋಡಿದರು. ‘ಇದನ್ನ ಯಾರು ಮಾಡಿದ್ದು?’ ಎಂದರು. ನಾನೇ ಮಾಡಿಸಿದ್ದು ಎಂದೆ. ‘ನೀರು ಏರಿದ್ರೆ ಏನು ಮಾಡ್ತೀಯ?’ ಎಂದರು. ‘ನೀರು ಏರಿದಾಗ ನೋಡ್ಕೋತೀನಿ, ನೀವು ಮನೇಲಿ ಆರಾಮಾಗಿರಿ’ ಎಂದೆ. ಅವರು ಮನೆಯಲ್ಲಿ ಆರಾಮಾಗಿರಲಿಲ್ಲ. ಅಂದು ಸಂಜೆ ಬಂದು ಹಗ್ಗ ಬದಲಾಯಿಸಲು ಹೊರಟರು. ಆಮೇಲೆ ಎರಡು ವಾರ ದಿನವೂ ಇದೇ ಜಗಳ.

ದಿನಾಂಕ 21-10-2016ರಂದು ಸಂಜೆ 6.45ಕ್ಕೆ ಇಂಗೆಲಿಸೆ ನನಗೆ ಫೋನ್ ಮಾಡಿದರು. ‘ನಂಗೂ ಸಾಕಾಗಿದೆ ಕಣೆ. ಮನೆಗೆ ಬಂದ್ರೆ ಊಟ ಮಾಡಲ್ಲ, ಹಗ್ಗ ಹಗ್ಗ ಅಂತ ಜಪ. ಬಾಯಲ್ಲಿ ಹೇಳಿದ್ರೆ ಆ ಮನುಷ್ಯ ಕೇಳಲ್ಲ. ಕಾಗದದಲ್ಲಿ ಬರೆದುಕೊಡು. ಕಾಗದಕ್ಕೆ ಮರ್ಯಾದೆ ಕೊಡ್ತಾನೆ, ಅದೊಂದು ಬುದ್ಧಿ ಇದೆ’ ಎಂದರು. ಮರುದಿನ, ಅಂದರೆ 22-10-2016ರಂದು, ನಾನು ಕಾಗದ ಬರೆದು ಐನಾರ್ ಅವರ ಕೈಗೆ ಕೊಟ್ಟೆ. ನಕಲನ್ನು ಬಂದರಿನ ಮೇಲ್ವಿಚಾರಕರಾದ ಪ್ರೆಬೆನ್ ಅವರಿಗೆ ಕೊಟ್ಟೆ. ಪ್ರೆಬೆನ್ ಅದನ್ನು ಕಚೇರಿಯ ಹಲಗೆಗೆ ಚುಚ್ಚಿದರು. ಹಾಗೆ ಚುಚ್ಚಲು ನಾನು ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಈಗ ಅಧಿಕಾರಿಗಳು ನನಗೆ ತೋರಿಸಿದ, ನೀರಿನಲ್ಲಿ ನೆಂದು ಒಣಗಿದ ಕಾಗದ ಅದೇ. ಐನಾರ್ ಅವರ ಕೋಟಿನ ಒಳಜೇಬಿನಲ್ಲಿ ಸಿಕ್ಕಿದ್ದು ಎಂದು ತಿಳಿಸಿದರು. ಬರಹ ನನ್ನದು, ಸಹಿ ನನ್ನದು. ‘ಇನ್ನು ಮುಂದೆ ನೀವು ನನ್ನ ಅನುಮತಿಯಿಲ್ಲದೆ ಲೆರ್ಕೆಯ ಮೇಲೆ ಕಾಲಿಡಕೂಡದು, ಅದರ ಹಗ್ಗಗಳನ್ನು ಮುಟ್ಟಕೂಡದು’ ಎಂದು ಬರೆದಿದ್ದೇನೆ. ‘ದಯವಿಟ್ಟು’ ಎಂಬ ಪದ ಇಲ್ಲ. ಬರೆಯುವಾಗ ಇತ್ತು, ಮತ್ತೆ ಹೊಡೆದುಹಾಕಿದೆ.

ಆ ದಿನದಿಂದ ಹತ್ತೊಂಬತ್ತು ದಿನ ಐನಾರ್ ದೋಣಿಯನ್ನು ಹತ್ತಲಿಲ್ಲ. ಬರುವುದನ್ನು ಮಾತ್ರ ಬಿಡಲಿಲ್ಲ. ಬೆಳಿಗ್ಗೆ 7.10ಕ್ಕೆ ಬಂದು ಜೆಟ್ಟಿಯ ಅಂಚಿನಲ್ಲಿ ಬೂಟಿನ ತುದಿ ಸರಿಯಾಗಿ ಹಲಗೆಯ ಕೊನೆಗೆ ಬರುವಂತೆ ನಿಂತು, ಎರಡೂ ಕೈ ಜೇಬಿನಲ್ಲಿಟ್ಟುಕೊಂಡು, ಇಪ್ಪತ್ತು ನಿಮಿಷ ಹಗ್ಗ ನೋಡಿ ಹೋಗುತ್ತಿದ್ದರು. ನಾನು ಒಳಗಿನಿಂದ ಕಿಟಕಿಯಲ್ಲಿ ಅವರ ಬೂಟು ನೋಡುತ್ತಾ ಕಾಫಿ ಕುಡಿಯುತ್ತಿದ್ದೆ. ಬೈದುಹೋಗಿದ್ದರೆ ಚೆನ್ನಾಗಿತ್ತು. ಆ ಕಾಫಿ ಒಂದು ದಿನವೂ ರುಚಿಸಲಿಲ್ಲ.

ದೋಣಿಯನ್ನು ಚಳಿಗಾಲಕ್ಕೆ ಕ್ರೇನಿನಿಂದ ಎತ್ತಿ ನೆಲಕ್ಕಿಡುವ ನಮ್ಮ ಸರದಿ 12-11-2016ರ ಶನಿವಾರ ಇತ್ತು.

ಹೀಗಿರುವಾಗ ದಿನಾಂಕ 10-11-2016ರ ಗುರುವಾರ ಈಶಾನ್ಯದಿಂದ ಬಿರುಗಾಳಿ ಬರುವುದೆಂದೂ, ನೀರು 90 ಸೆಂಟಿಮೀಟರ್ ಏರುವುದೆಂದೂ ಹವಾಮಾನದ ಸೂಚನೆ ಇತ್ತು. ಬೆಳಿಗ್ಗೆ 6.30ಕ್ಕೆ ನಾನು ಎದ್ದು ನೋಡಿದಾಗ ನೀರು ಇಪ್ಪತ್ತು ಸೆಂಟಿಮೀಟರ್ ಏರಿತ್ತು, ಹಗ್ಗಗಳಲ್ಲಿ ಇನ್ನೂ ಸಡಿಲವಿತ್ತು. 7.10ಕ್ಕೆ ಐನಾರ್ ಬಂದರು. ‘ಒಂದೂವರೆ ಮೀಟರ್ ಬರತ್ತೆ. ಆಮೇಲೆ ಈ ಕುಣಿಕೆ ಬಿಚ್ಚೋಕೆ ದೇವರ ಕೈಲೂ ಆಗಲ್ಲ. ನನ್ನ ಉದ್ದ ಹಗ್ಗ ಮನೇಲಿದೆ, ಈಗ್ಲೇ ಹಾಕ್ಬಿಡೋಣ, ಹತ್ತು ನಿಮಿಷದ ಕೆಲಸ’ ಎಂದರು. ಸೂಚನೆಯಲ್ಲಿ ತೊಂಬತ್ತು ಎಂದಿದ್ದಾರೆ ಎಂದೆ. ‘ಅವ್ರು ಈ ಜೆಟ್ಟೀನ ನೋಡಿದ್ದಾರಾ?’ ಎಂದರು. ನನಗೆ 7.45ಕ್ಕೆ ಮೊದಲ ಮನೆ ಇತ್ತು. ‘ಐನಾರ್ ಅವರೇ, ಕಾಗದದಲ್ಲಿ ಏನು ಬರೆದಿದೆ?’ ಎಂದು ಕೇಳಿದೆ. ಅವರು ‘ಗೊತ್ತು’ ಎಂದರು. ಹೊರಗೆ ತೆಗೆದಿದ್ದ ಕೈಯನ್ನು ಮತ್ತೆ ಜೇಬಿನೊಳಗೆ ಇಟ್ಟುಕೊಂಡರು. ನಾನು 7.25ಕ್ಕೆ ಕಾರು ಹತ್ತಿ ಹೋದೆ.

ಮಧ್ಯಾಹ್ನ 12.40ಕ್ಕೆ ನಾನು ಬಂದರಿನಿಂದ 14 ಕಿ.ಮೀ. ದೂರದ ಒಂದು ತೋಟದ ಮನೆಯಲ್ಲಿ ಸಕ್ಕರೆ ಕಾಯಿಲೆಯ ಹೆಂಗಸೊಬ್ಬರ ಕಾಲಿನ ಹುಣ್ಣಿಗೆ ಬ್ಯಾಂಡೇಜ್ ಕಟ್ಟುತ್ತಿದ್ದೆ. 12.52ಕ್ಕೆ ಫೋನ್ ಬಂತು. ಪರದೆಯ ಮೇಲೆ ಐನಾರ್ ಬ್ರೋಕ್ ಎಂದು ಹೆಸರು ಬಂತು. ನಾನು ಮೊಣಕೈಯಿಂದ ಒತ್ತಿ ಸದ್ದು ನಿಲ್ಲಿಸಿದೆ. 13.05ಕ್ಕೆ ಮತ್ತೆ ಬಂತು. ನಿಲ್ಲಿಸಿದೆ. 13.11ಕ್ಕೆ ಮತ್ತೆ ಬಂತು. ಕೈಗವಸು ಹಾಕಿದ್ದೆ, ಗಾಯ ತೆರೆದಿತ್ತು ಎಂದು ಹೇಳಬಹುದು. ಅದು ನಿಜವೇ. ಆದರೆ ಮೂರನೆಯ ಸಲ ಕೈಗವಸು ಬಿಚ್ಚಿಯಾಗಿತ್ತು. ಆ ಹೆಂಗಸು ‘ತಗೋಬಾರದೇನಮ್ಮ?’ ಎಂದು ಕೇಳಿದರು. ‘ಅವ್ರದ್ದು ದಿನಾ ಇದ್ದದ್ದೇ’ ಎಂದು ನಾನು ಹೇಳಿದೆ.

13.50ಕ್ಕೆ ಪ್ರೆಬೆನ್ ಅವರ ಫೋನ್ ಬಂತು. ಅದನ್ನು ತೆಗೆದುಕೊಂಡೆ. ನೀರು ಒಂದು ಮೀಟರ್ 40 ಏರಿದೆ, ಜೆಟ್ಟಿ ಮುಳುಗಿದೆ, ನಿನ್ನ ದೋಣಿಯ ಮೂತಿಯನ್ನು ಹಗ್ಗ ಕೆಳಗೆ ಎಳೆದು ಹಿಡಿದಿದೆ, ಅಲೆ ಮೇಲೆ ಹತ್ತುತ್ತಿದೆ, ಐನಾರ್ ದೋಣಿಯಲ್ಲಿದ್ದಾರೆ, ಬೇಗ ಬಾ ಎಂದು ತಿಳಿಸಿದರು. ನಾನು ಹೊರಟೆ. ಕಡಲಂಚಿನ ರಸ್ತೆಯಲ್ಲಿ ನೀರು ನಿಂತಿದ್ದರಿಂದ ಆರು ಕಿ.ಮೀ. ಸುತ್ತಿ ಬರಬೇಕಾಯಿತು. ಬಂದರು ತಲುಪಿದಾಗ 14.32.

ಈ ನಡುವೆ ನಡೆದದ್ದನ್ನು ನಾನು ಕಣ್ಣಾರೆ ನೋಡಿಲ್ಲ. ಪ್ರೆಬೆನ್ ಹೇಳಿದ್ದನ್ನು ಹೇಳುತ್ತೇನೆ. ಐನಾರ್ ಮನೆಯಿಂದ ನಾಲ್ಕು ಉದ್ದ ಹಗ್ಗ ಹೊತ್ತು ತಂದು ಜೆಟ್ಟಿಯ ಮೇಲೆ ನಿಂತಿದ್ದರು. ನೀರು ಬೂಟಿನೊಳಗೆ ಹೋಯಿತು, ಮಂಡಿಗೆ ಬಂತು, ಅವರು ಒಂದು ಕೈಯಲ್ಲಿ ಕಂಬ ಹಿಡಿದು ಇನ್ನೊಂದು ಕೈಯಲ್ಲಿ ಫೋನ್ ಎತ್ತಿ ಹಿಡಿದು ನಿಂತೇ ಇದ್ದರು. ‘ಮಾರಾಯ, ಹತ್ತೋದಾದ್ರೆ ಹತ್ತು, ಇಲ್ಲ ಮನೆಗೆ ಹೋಗು’ ಎಂದು ಪ್ರೆಬೆನ್ ಕಚೇರಿಯ ಬಾಗಿಲಿನಿಂದ ಕೂಗಿದರಂತೆ. ‘ಫೋನ್ ಬರತ್ತೆ, ತಡಿ’ ಎಂದರಂತೆ. ಫೋನ್ ಬರಲಿಲ್ಲ. 13.45ಕ್ಕೆ ದೋಣಿಯ ಮೂತಿಯ ಹಲಗೆಯಿಂದ ಬಿರುಕಿನ ಸದ್ದು ಬಂದಾಗ ಅವರು ಹತ್ತಿದರು. ಅಂದರೆ ಕೊನೆಯ ಫೋನ್ ಮಾಡಿದ ಮೇಲೆ ಮೂವತ್ತನಾಲ್ಕು ನಿಮಿಷ ಕಾದಿದ್ದರು. ನಾನು ಲೆಕ್ಕ ಹಾಕಿದ್ದೇನೆ, ಬಹಳ ಸಲ ಹಾಕಿದ್ದೇನೆ.

ಹತ್ತಿದ ಮೇಲೆ ಅವರು ಮೊದಲು ತಮ್ಮ ನಾಲ್ಕು ಉದ್ದ ಹಗ್ಗಗಳನ್ನು ಕಟ್ಟಿ, ಆಮೇಲೆ ನನ್ನ ಅಡುಗೆಮೂಲೆಯ ರೊಟ್ಟಿ ಚಾಕು ತಂದು ನನ್ನ ಹಗ್ಗಗಳನ್ನು ಒಂದೊಂದಾಗಿ ಕತ್ತರಿಸಿದರು. ಬಿಗಿದ ಕುಣಿಕೆಯನ್ನು ಬಿಚ್ಚುವುದು ಸಾಧ್ಯವೇ ಇರಲಿಲ್ಲ. ಹಿಂದಿನ ಎರಡು, ಮುಂದಿನ ಬಲದ್ದು ಸರಿಯಾಗಿ ಆಯಿತು. 14.18ರ ಸುಮಾರಿಗೆ ಮುಂದಿನ ಎಡಗಡೆಯದು ಅರ್ಧ ಕತ್ತರಿಸುವಷ್ಟರಲ್ಲಿ ತಾನೇ ಹರಿದು, ಅದರ ತುದಿ ಅವರ ತೊಡೆಗೆ ಬಡಿದು, ಹಿಡಿದಿಟ್ಟಿದ್ದ ಮೂತಿ ಒಮ್ಮೆಲೇ ಮೇಲೆ ನೆಗೆದು, ಅವರು ಮುಳುಗಿದ್ದ ಜೆಟ್ಟಿಯ ಮೇಲೆ ಎಡಸೊಂಟ ಊರಿ ಬಿದ್ದರು. ಪ್ರೆಬೆನ್ ಸೊಂಟದ ಮಟ್ಟದ ನೀರಿನಲ್ಲಿ ಹೋಗಿ ಎಳೆದು ತಂದರು. ಉದ್ದ ಹಗ್ಗಗಳ ಮೇಲೆ ದೋಣಿ ನೆಟ್ಟಗಾಯಿತು. ಆದರೆ ಗೂಟಗಳ ತಲೆ ನೀರಿನಡಿ ಹೋಗಿದ್ದರಿಂದ ಪಕ್ಕದ ದೋಣಿಗೂ ಲೆರ್ಕೆಗೂ ಮಧ್ಯೆ ತಡೆಯುವುದು ಏನೂ ಇರಲಿಲ್ಲ. ದೋಣಿಯ ಹಿಂಭಾಗ ಎಡಕ್ಕೆ ವಾಲಿ, ಪಕ್ಕದಲ್ಲಿದ್ದ ದಂತವೈದ್ಯ ಹೆನ್ನಿಂಗ್ ರಾವ್ನ್ ಅವರ ಮೋಟಾರು ದೋಣಿಗೆ ತಗುಲಿ, ಎರಡು ಮೀಟರ್ ಕಂಬಿ ಬಾಗಿ ಒಂದು ಗಾಜು ಒಡೆದಿರುತ್ತದೆ.

ನಾನು ತಲುಪಿದಾಗ ಐನಾರ್ ಅವರನ್ನು ಬಂದರಿನ ಕಚೇರಿಯ ಹಿಂದಿನ ಎತ್ತರದ ಹುಲ್ಲಿನ ಮೇಲೆ ಕಂಬಳಿ ಹೊದಿಸಿ ಮಲಗಿಸಿದ್ದರು. ನಾಡಿ 52, ತುಟಿ ನೀಲಿ, ಎಡಗಾಲು ಹೊರಕ್ಕೆ ತಿರುಗಿತ್ತು. ಸೊಂಟ ಮುರಿದಿದೆ ಎಂದು ನೋಡಿದ ಕೂಡಲೇ ತಿಳಿಯಿತು. ಅವರು ಕಣ್ಣು ಬಿಟ್ಟು, ‘ಹಿಂದಿನ ಬಲಗಡೆ ಹಗ್ಗ ಇನ್ನೊಂದು ಸುತ್ತು ಸಡಿಲ ಮಾಡು ಹೋಗು. ನನ್ನ ನೋಡ್ಕೊಂಡು ಕೂರ್ಬೇಡ, ಇಲ್ಲೇನಿದೆ ನೋಡೋಕೆ’ ಎಂದರು. ನಾನು ಹೋಗಲಿಲ್ಲ. ಪ್ರೆಬೆನ್ ಹೋಗಿ ಸಡಿಲಿಸಿದರು. 14.51ಕ್ಕೆ ಆಂಬುಲೆನ್ಸ್ ಬಂತು.

ಅದೇ ದಿನ ಸಂಜೆ 17.40ಕ್ಕೆ ಒಡೆನ್ಸೆ ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ನಾನು ಫೋನಿನಲ್ಲಿ ಉಳಿದಿದ್ದ ಮೂರು ಸಂದೇಶಗಳನ್ನು ಕೇಳಿದೆ. ಫೋನನ್ನು ಈಗ ಅಧಿಕಾರಿಗಳಿಗೆ ಒಪ್ಪಿಸಿದ್ದೇನೆ. 12.52ರದು: ‘ವೀಬೆಕೆ, ನಾನು ಐನಾರ್. ನೀರು ಒಂದು ಮೀಟರ್ ದಾಟಿದೆ. ಮುಂದಿನ ಹಗ್ಗ ತಂತಿ ಆಗಿದೆ. ಬಾ.’ 13.05ರದು: ‘ಉದ್ದ ಹಗ್ಗ ತಂದಿದ್ದೀನಿ. ಜೆಟ್ಟಿ ಮೇಲಿದ್ದೀನಿ. ಏನೂ ಮುಟ್ಟಿಲ್ಲ.’ 13.11ರದು: ‘ವೀಬೆಕೆ, ಹತ್ತಲಾ? ಹೂಂ ಅನ್ನು, ಇಲ್ಲಾ ಉಹೂಂ ಅನ್ನು. ಕಾಯ್ತಾ ಇದ್ದೀನಿ.’

ದಿನಾಂಕ 12-11-2016ರಂದು ನಾನು ಮತ್ತೆ ಆಸ್ಪತ್ರೆಗೆ ಹೋದೆ. ಶಸ್ತ್ರಚಿಕಿತ್ಸೆ ಆಗಿತ್ತು. ವಸಂತಕಾಲದ ಹೊತ್ತಿಗೆ ಊರುಗೋಲು ಹಿಡಿದು ನಡೆಯಬಹುದು, ದೋಣಿ ಹತ್ತುವ ಮಾತು ಇನ್ನಿಲ್ಲ ಎಂದು ವೈದ್ಯರು ತಿಳಿಸಿದ್ದರು. ಐನಾರ್ ನಿದ್ದೆಯಲ್ಲಿದ್ದರು. ಇಂಗೆಲಿಸೆ ನನ್ನನ್ನು ಬೈಯಬಹುದು ಎಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕೊಟ್ಟು, ‘ಪೊಲೀಸ್ನೋರು ಕೇಳಿದ್ರೆ ಆ ಕಾಗದ ಬರೆಸಿದ್ದು ನಾನು ಅಂತ ಹೇಳು. ನನ್ನ ಹೆಸರೂ ಇರಲಿ’ ಎಂದರು. ಅವರ ಹೆಸರನ್ನು ಹೀಗೆ ಬರೆಸಿದ್ದೇನೆ. ಆದರೆ ‘ದಯವಿಟ್ಟು’ ಹೊಡೆದುಹಾಕಿದ ಕೈ ನನ್ನದು.

ದಿನಾಂಕ 13-11-2016ರಂದು ಬೆಳಿಗ್ಗೆ 11.00ಕ್ಕೆ ಹೆನ್ನಿಂಗ್ ರಾವ್ನ್ ನನ್ನ ಕೋಣೆಗೆ ಬಂದರು. ಅನುಮತಿಯಿಲ್ಲದ ವ್ಯಕ್ತಿ ದೋಣಿ ಹತ್ತಿ ಹಗ್ಗ ಕತ್ತರಿಸಿ ತಮಗೆ ನಷ್ಟ ಮಾಡಿದ್ದಾನೆಂದು ದೂರು ಕೊಟ್ಟಿರುವುದಾಗಿ ತಿಳಿಸಿದರು. ಅವರು ಕೆಟ್ಟವರಲ್ಲ. ‘ನಂಗೆ ಆ ಮುದುಕನ ಮೇಲೆ ದ್ವೇಷ ಇಲ್ಲಮ್ಮ. ಆದ್ರೆ ಯಾರಾದ್ರೂ ಒಬ್ರು ಹೊಣೆ ಹೊರಬೇಕಲ್ವಾ? ನಿಮ್ಮ ಕಾಗದ ಹಲಗೆ ಮೇಲೇ ಇದೆ. ನೀವು ಹೌದು ಅಂದ್ರೆ ಸಾಕು, ನಿಮ್ಮ ತಲೆಗೆ ಬರಲ್ಲ’ ಎಂದರು. ಟೀ ಕೊಟ್ಟೆ. ಕುಡಿದು ಹೋದರು.

ದೋಣಿಯನ್ನು ಸರದಿಗಿಂತ ಒಂದು ದಿನ ತಡವಾಗಿ, ನಿನ್ನೆ ಮಧ್ಯಾಹ್ನ ಎತ್ತಿ ನೆಲಕ್ಕಿಟ್ಟಿದ್ದಾರೆ. ಮೂತಿಯ ಹಲಗೆ ಮೂರು ಬೆರಳು ಅಗಲ ಬಾಯಿಬಿಟ್ಟಿದೆ. ಇನ್ನು ಕಾಲು ಗಂಟೆ ತಡವಾಗಿದ್ದರೆ ಮುಳುಗುತ್ತಿತ್ತು ಎಂದು ದೋಣಿ ಕಟ್ಟುವವರು ಹೇಳಿದರು.

ಈ ದಿನ ಅಧಿಕಾರಿಗಳು ನನಗೆ ಒಂದೇ ಪ್ರಶ್ನೆಯನ್ನು ಸ್ಪಷ್ಟವಾಗಿ ಕೇಳಿದ್ದಾರೆ. 10-11-2016ರಂದು 13.45ರಿಂದ 14.18ರವರೆಗೆ ಐನಾರ್ ಬ್ರೋಕ್ ಲೆರ್ಕೆಯ ಮೇಲೆ ಇದ್ದದ್ದು ನನ್ನ ಅನುಮತಿಯಿಂದಲೋ, ಇಲ್ಲದೆಯೋ ಎಂಬುದೇ ಆ ಪ್ರಶ್ನೆ. ಇಲ್ಲದೆ ಎಂದಾದರೆ ಅತಿಕ್ರಮ ಪ್ರವೇಶ ಮತ್ತು ಹಾನಿ ಎರಡೂ ಅವರ ಮೇಲೆ, ಆಸ್ಪತ್ರೆಯ ಹಾಸಿಗೆಯಲ್ಲೇ ನೋಟಿಸು. ಇತ್ತು ಎಂದಾದರೆ ರಾವ್ನ್ ಅವರ ದೋಣಿಯ ಹೊಣೆ ನನ್ನದು, ಬಾಲವಿಲ್ಲದ ಹಗ್ಗದ ಹೊಣೆಯೂ ನನ್ನದು. ನನಗೆ ಅರ್ಥವಾಗಿದೆ.

ಅನುಮತಿ ಇತ್ತು ಎಂದು ಬರೆದುಕೊಳ್ಳಿ ಎಂದೆ. ಯಾವಾಗ ಕೊಟ್ಟಿರಿ, ದಿನಾಂಕ ಮತ್ತು ಸಮಯ ಹೇಳಿ ಎಂದು ಅಧಿಕಾರಿಗಳು ಕೇಳಿದರು. ಗೋಡೆಯ ಗಡಿಯಾರ ನೋಡಿ, ಇವತ್ತು, 16.20 ಎಂದೆ. ಆದ ಮೇಲೆ ಕೊಟ್ಟದ್ದು ಅನುಮತಿ ಅನ್ನಿಸಿಕೊಳ್ಳುವುದಿಲ್ಲ, ಕಾನೂನಿನಲ್ಲಿ ಅದು ನಿಲ್ಲುವುದೂ ಅನುಮಾನ ಎಂದು ಅವರು ಸಮಾಧಾನವಾಗಿಯೇ ವಿವರಿಸಿದರು. ನಿಲ್ಲದಿದ್ದರೆ ಬೀಳಲಿ, ನಾನು ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕಾದ್ದು ನಿಮ್ಮ ಕೆಲಸ ಎಂದೆ. ಅವರು ಬರೆದುಕೊಂಡರು.

ಇಷ್ಟನ್ನೂ ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ್ದೇ ಇದೆ, ನಾನು ಹೇಳದ್ದು ಯಾವುದೂ ಇಲ್ಲ. ಕೊನೆಗೆ ಒಂದು ಸಾಲು ಸೇರಿಸಲು ಕೇಳಿದ್ದೇನೆ: 10-11-2016ರಂದು 13.11ಕ್ಕೆ ಐನಾರ್ ಬ್ರೋಕ್ ನನ್ನನ್ನು ಕೇಳಿದ ಪ್ರಶ್ನೆಗೆ ನನ್ನ ಉತ್ತರ, ಹೂಂ, ಹತ್ತಿ.

ಸ್ಥಳ: ಬಂದರಿನ ಕಚೇರಿ, ಸ್ಕೋವ್‌ವಿಗ್
ದಿನಾಂಕ: 14-11-2016, ಸಮಯ 16.40
ಸಹಿ: ವೀಬೆಕೆ ಡಾಲ್ಗೋರ್